ತೋಟ ಅನ್ನಬಾರದಂತೆ!

ಮೊನ್ನೆ ರಾತ್ರಿ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. "ಅಣ್ಣಾ, ಅಪ್ಪ ಏನ್ ಮಾಡ್ತಾರೆ ಅಂತ ಕೇಳಿದ್ರೆ ಬಿಸಿನೆಸ್ ಅನ್ಬೇಕಂತೆ. ಅಡಿಕೆ ತೋಟ ಅನ್ಬಾರ್ದಂತೆ." ಹೇಳಿಕೊಟ್ಟವನು ಇಂಟರ್ವ್ಯೂ ಕೋಚಿಂಗ್ ಕೊಡೋ ಏಜೆಂಟ್. ಕಾಲೇಜು ರಜೆಯಲ್ಲಿ ಅಮೆರಿಕದ ರೆಸಾರ್ಟೊಂದರಲ್ಲಿ ಹೆಚ್ಚೆಂದರೆ ನಾಲ್ಕು ತಿಂಗಳು ದುಡಿಯೋ ಜೆ-1 ವೀಸಾಕ್ಕೆ ಇಷ್ಟು ನಾಟಕ!

ಸ್ವಾಮಿ ಏಜೆಂಟರೇ, ಅಮೆರಿಕದ ವಲಸೆ ಕಾಯ್ದೆಯ 214(ಬಿ) ಕಲಮನ್ನು ಒಮ್ಮೆಯಾದರೂ ಓದಿದ್ದೀರಾ? ವೀಸಾ ಕೇಳಿ ಬಂದವನು ಅಲ್ಲೇ ಉಳಿದುಬಿಡೋನು ಅಂತ ಆ ಕಾನೂನು ಮೊದಲೇ ಊಹಿಸಿಕೊಂಡಿರುತ್ತೆ. ಅಲ್ಲ ಅಂತ ನಂಬಿಸೋ ಹೊರೆ ಹುಡುಗನದ್ದು. (ಇದ್ಯಾವ ಸೀಮೆ ನ್ಯಾಯ ಅನ್ನೋದು ನನ್ನ ಇನ್ನೊಂದು ಜಗಳ, ಇರಲಿ.) ಮುಗಿಯದ ಡಿಗ್ರಿ, ಎರಡೆಕರೆ ತೋಟ, ದಾರಿ ಕಾಯೋ ಅಪ್ಪ-ಅಮ್ಮ. ವಾಪಸ್ ಬರೋಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಾ? ಅದನ್ನೇ ಮುಚ್ಚಿಡು ಅಂತೀರಲ್ರೀ! ಮುಖ್ಯ ವಿಷಯದಲ್ಲಿ ಬೇಕಂತಲೇ ಸುಳ್ಳು ಹೇಳಿದ ಅಂತಾದ್ರೆ ಬಾಗಿಲು ಜೀವನಪರ್ಯಂತ ಮುಚ್ಚಬಹುದು. ಕಟ್ಟಿದ 185 ಡಾಲರ್ ಹೇಗೂ ವಾಪಸ್ ಬರಲ್ಲ. ನಿಮ್ಮ ಫೀಸೂ ಅಷ್ಟೇ ಬಿಡಿ.

ಹೇಳೋಕೆ ನಾಚಿಕೆ, ಕ್ಯಾಂಪಸ್ ಇಂಟರ್ವ್ಯೂನಲ್ಲಿ ನಾನೂ ಅಪ್ಪನನ್ನು ಬಿಸಿನೆಸ್‌ಮನ್ ಮಾಡಿದ್ದೆ. ಯಾರೂ ಕಲಿಸಿರಲಿಲ್ಲ. ಕೆಲಸ ಸಿಕ್ತು, ಅಪ್ಪ ಊರಿಗೆಲ್ಲ ಪೇಡ ಹಂಚಿದ್ರು. ನನಗೆ ಮಾತ್ರ ಅದು ಗಂಟಲಲ್ಲಿಳಿಯಲಿಲ್ಲ.

ಹುಡುಗನಿಗೆ ಹೇಳಿದೆ: ಬಾಯಿಪಾಠ ಬಿಡು. ಯಾವ ಊರು, ಏನ್ ಕೆಲಸ, ಗಂಟೆಗೆಷ್ಟು, ಕಾಲೇಜು ಮತ್ತೆ ಯಾವಾಗ ಶುರು, ಇಷ್ಟು ಸರಿಯಾಗಿ ತಿಳ್ಕೋ. ಅಪ್ಪನ ಬಗ್ಗೆ ಕೇಳಿದ್ರೆ ತೋಟ ಅನ್ನು.

"ಅಡಿಕೆಗೆ ಇಂಗ್ಲಿಷಲ್ಲಿ ಏನಂತಾರೆ ಅಣ್ಣಾ?"

"ಅರೆಕಾನಟ್" ಅಂದೆ.