ಒಂದೇ ಟಿಕೆಟ್, ಎರಡು ಗಂಟು

2024ರ ಆಗಸ್ಟ್ 19, ಸೋಮವಾರ. ಅಮೆರಿಕದ ಒಹಾಯೊ ರಾಜ್ಯದಲ್ಲಿ, ಸಿನ್ಸಿನಾಟಿಗೆ ಹತ್ತಿರದ ಮೇಸನ್ ಎಂಬ ಊರಿನ ಹಾರ್ಡ್ ಕೋರ್ಟ್‌ನಲ್ಲಿ ಸಿನ್ಸಿನಾಟಿ ಟೆನಿಸ್ ಟೂರ್ನಿಯ ಎರಡು ಫೈನಲ್‌ಗಳು ನಡೆದವು. ಅರಿನಾ ಸಬಲೆಂಕಾ ಜೆಸ್ಸಿಕಾ ಪೆಗುಲಾ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಯಾನಿಕ್ ಸಿನ್ನರ್ ಫ್ರಾನ್ಸಿಸ್ ಟಿಯಾಫೊ ಅವರನ್ನು ಸೋಲಿಸಿದ್ದೂ ನೇರ ಸೆಟ್‌ಗಳಲ್ಲೇ. ಅಂಗಳ ಒಂದೇ, ದಿನ ಒಂದೇ, ಮೂರು ಸೆಟ್‌ಗಳ ನಿಯಮವೂ ಒಂದೇ. ಸಿನ್ನರ್ ಪಡೆದದ್ದು ಸುಮಾರು 10 ಲಕ್ಷ 49 ಸಾವಿರ ಡಾಲರ್. ಸಬಲೆಂಕಾ ಪಡೆದದ್ದು ಸುಮಾರು 5 ಲಕ್ಷ 23 ಸಾವಿರ.

ಅದೇ ವರ್ಷ ಮಾರ್ಚ್‌ನಲ್ಲಿ, ಕ್ಯಾಲಿಫೋರ್ನಿಯಾದ ಮರುಭೂಮಿಯ ನಡುವಿನ ಇಂಡಿಯನ್ ವೆಲ್ಸ್‌ನಲ್ಲಿ, ಇದೇ ದರ್ಜೆಯ ಟೂರ್ನಿ. ಅಲ್ಲೂ ಒಂದೇ ಭಾನುವಾರ ಎರಡು ಫೈನಲ್. ಇಗಾ ಶ್ವಿಯಾಂಟೆಕ್ ಗೆದ್ದರು, ಕಾರ್ಲೋಸ್ ಅಲ್ಕರಾಜ್ ಗೆದ್ದರು. ಇಬ್ಬರಿಗೂ ತಲಾ 11 ಲಕ್ಷ ಡಾಲರ್.

ಈ ಎರಡು ಊರುಗಳ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ, ಐವತ್ತು ವರ್ಷಗಳಿಂದ ಕೇಳಿಬರುತ್ತಿರುವ ವಾದವೊಂದನ್ನು ನಂಬಲು ನನ್ನಿಂದ ಸಾಧ್ಯವಾಗುತ್ತಿಲ್ಲ. ಗಂಡಸರು ಐದು ಸೆಟ್ ಆಡುತ್ತಾರೆ, ಹೆಂಗಸರು ಮೂರೇ ಸೆಟ್, ಹಾಗಿರುವಾಗ ಸಮಾನ ಬಹುಮಾನ ಹೇಗೆ ನ್ಯಾಯ ಎಂಬುದು ಆ ವಾದ. ಟೆನಿಸ್ ಬಗ್ಗೆ ಮಾತು ಬಂದಲ್ಲೆಲ್ಲ, ಕ್ಲಬ್ಬಿನ ಕಟ್ಟೆಯಲ್ಲಾಗಲಿ ಮನೆಯ ಟಿವಿ ಮುಂದಾಗಲಿ, ಯಾರಾದರೊಬ್ಬರು ಇದನ್ನು ಎತ್ತಿಯೇ ಎತ್ತುತ್ತಾರೆ. ಐದು ಸೆಟ್ ಇರುವುದು ನಾಲ್ಕು ಗ್ರ್ಯಾಂಡ್‌ಸ್ಲಾಂಗಳಲ್ಲಿ ಮಾತ್ರ. ಆ ನಾಲ್ಕೂ ಕಡೆ ಬಹುಮಾನ ಈಗ ಸಮ. ಅಂತರ ಉಳಿದಿರುವುದು ಗಂಡಸರೂ ಮೂರೇ ಸೆಟ್ ಆಡುವ ಮೇಸನ್‌ನಂಥ ಕಡೆಗಳಲ್ಲಿ. ಸೆಟ್‌ಗಳ ಲೆಕ್ಕವೇ ನಿಜವಾದ ಕಾರಣವಾಗಿದ್ದರೆ ಪರಿಸ್ಥಿತಿ ಇದಕ್ಕೆ ತದ್ವಿರುದ್ಧವಾಗಿರಬೇಕಿತ್ತು.

ಬಹುಮಾನ ದಿನಗೂಲಿಯೂ ಅಲ್ಲ. 2012ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಜೊಕೊವಿಚ್, ನಡಾಲ್ ವಿರುದ್ಧ 5 ಗಂಟೆ 53 ನಿಮಿಷ ಹೋರಾಡಿ ಗೆದ್ದರು. 2003ರಲ್ಲಿ ಅದೇ ಟೂರ್ನಿಯ ಫೈನಲ್‌ನಲ್ಲಿ ಆಂಡ್ರೆ ಅಗಾಸಿ, ರೈನರ್ ಶಟ್ಲರ್ ಅವರಿಗೆ ಒಟ್ಟು ಐದೇ ಗೇಮ್ ಬಿಟ್ಟುಕೊಟ್ಟು ಒಂದೂಕಾಲು ಗಂಟೆಯಲ್ಲಿ ಆಟ ಮುಗಿಸಿದರು. ಬೇಗ ಮುಗಿಸಿದರೆಂದು ಅಗಾಸಿಯ ಚೆಕ್ಕಿನಿಂದ ಯಾರೂ ಹಣ ಮುರಿದುಕೊಳ್ಳಲಿಲ್ಲ, ಮುರಿದುಕೊಳ್ಳಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ. ಅಷ್ಟು ಸಲೀಸಾಗಿ ಗೆದ್ದದ್ದನ್ನೇ ಎಲ್ಲರೂ ಕೊಂಡಾಡಿದರು. ಹೆಂಗಸರ ವಿಷಯ ಬಂದಾಗ ಮಾತ್ರ ಗಡಿಯಾರ ಹೊರಗೆ ಬರುತ್ತದೆ.

ಐದು ಸೆಟ್ ಆಡಲು ಹೆಂಗಸರಿಗೆ ಕಸುವಿಲ್ಲ ಎನ್ನುವವರಿಗೂ ಇತಿಹಾಸದಲ್ಲಿ ಉತ್ತರವಿದೆ. 1984ರಿಂದ 1998ರವರೆಗೆ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಹಿಳೆಯರ ವರ್ಷಾಂತ್ಯದ ಫೈನಲ್ ನಡೆಯುತ್ತಿದ್ದುದು ಐದು ಸೆಟ್‌ಗಳ ನಿಯಮದಲ್ಲೇ. 1990ರಲ್ಲಿ ಮೋನಿಕಾ ಸೆಲೆಸ್, ಗ್ಯಾಬ್ರಿಯೆಲಾ ಸಬಟಿನಿ ಅವರನ್ನು ಪೂರ್ತಿ ಐದು ಸೆಟ್ ಆಡಿ ಸೋಲಿಸಿದರು. ಆಗ ಸೆಲೆಸ್‌ಗೆ ಹದಿನಾರು ವರ್ಷ. ಆಡಿ ಎಂದಾಗ ಆಡಿದರು, ಬೇಡ ಎಂದಾಗ ಬಿಟ್ಟರು. ಅದನ್ನು ಅವರ ದೇಹದ ಮಿತಿಯೆಂದು ಹೇಳುವುದು ತಪ್ಪು.

ಇನ್ನೊಂದು ವಾದ ಇಷ್ಟು ಹಗುರವಲ್ಲ. ಅದನ್ನು ಗೌರವದಿಂದಲೇ ಎದುರಿಸಬೇಕು. ಪುರುಷರ ಸಂಘ ಎಟಿಪಿ 1972ರಲ್ಲಿ ಹುಟ್ಟಿತು, ಮಹಿಳೆಯರ ಡಬ್ಲ್ಯುಟಿಎ 1973ರಲ್ಲಿ. ಎರಡೂ ಬೇರೆ ಬೇರೆ ಸಂಸ್ಥೆಗಳು, ಅವುಗಳ ಟಿವಿ ಒಪ್ಪಂದಗಳೂ ಬೇರೆ. ಪುರುಷರ ಟೂರ್‌ನ ಪ್ರಸಾರ ಹಕ್ಕಿಗೆ ಹೆಚ್ಚು ಹಣ ಬರುತ್ತದೆ, ಆದ್ದರಿಂದ ಹೆಚ್ಚು ಹಂಚುತ್ತಾರೆ, ಇದರಲ್ಲಿ ಹೆಣ್ಣು ಗಂಡು ಎಂಬ ಪ್ರಶ್ನೆ ಎಲ್ಲಿ ಬಂತು ಎಂದು ಕೇಳುವವರಿದ್ದಾರೆ. ಕೆನಡಾದ ಟೂರ್ನಿಯನ್ನು ನೋಡಿ. ಹೆಸರು ಒಂದೇ ಆದರೂ ಒಂದು ವರ್ಷ ಪುರುಷರು ಟೊರಾಂಟೊದಲ್ಲಿ, ಮಹಿಳೆಯರು ಮಾಂಟ್ರಿಯಲ್‌ನಲ್ಲಿ ಆಡುತ್ತಾರೆ. ಮರುವರ್ಷ ಅದಲು ಬದಲು. ಎರಡು ಊರು, ಎರಡು ಗೇಟು, ಎರಡು ಗಲ್ಲಾಪೆಟ್ಟಿಗೆ. ಅಲ್ಲಿ ಬೇರೆ ಬೇರೆ ಲೆಕ್ಕ ಇಡುವುದಕ್ಕೆ ಒಂದಿಷ್ಟಾದರೂ ಅರ್ಥವಿದೆ ಎಂದು ಒಪ್ಪುತ್ತೇನೆ.

ಮೇಸನ್‌ನಲ್ಲಿ ಹಾಗಲ್ಲ. 2011ರಿಂದ ಅಲ್ಲಿ ಇಬ್ಬರೂ ಒಟ್ಟಿಗೆ ಆಡುತ್ತಾರೆ. ಬೆಳಿಗ್ಗೆ ಟಿಕೆಟ್ ತೆಗೆದುಕೊಂಡು ಒಳಗೆ ಹೋದವನು ಮೊದಲು ಮಹಿಳೆಯರ ಪಂದ್ಯ ನೋಡುತ್ತಾನೆ, ನಂತರ ಪುರುಷರದು, ನಡುವೆ ಬಿಸಿಲಿಗೆ ಒಂದು ಟೋಪಿ ಕೊಳ್ಳುತ್ತಾನೆ, ಮಧ್ಯಾಹ್ನ ಮತ್ತೊಂದು ಅಂಗಳಕ್ಕೆ ಹೋಗಿ ಕೂರುತ್ತಾನೆ. ಅವನು ಕೊಟ್ಟ ಹಣದಲ್ಲಿ ಎಷ್ಟು ಪಾಲು ಸಿನ್ನರ್‌ಗೆ, ಎಷ್ಟು ಸಬಲೆಂಕಾಗೆ? ಅವನಿಗೇ ಗೊತ್ತಿಲ್ಲ. ಅವನು ಕೊಂಡದ್ದು ಒಂದು ಇಡೀ ದಿನದ ಟೆನಿಸ್. ಪ್ರೇಕ್ಷಕ ಒಡೆಯದ ಹಣವನ್ನು ಆಯೋಜಕರು ಒಡೆಯುತ್ತಿದ್ದಾರೆ. ಟಿಕೆಟ್ ಮಾರುವಾಗ ಇಬ್ಬರನ್ನೂ ಒಂದೇ ಪೋಸ್ಟರ್‌ನಲ್ಲಿ ನಿಲ್ಲಿಸಿ, ಗಂಟು ಬಿಚ್ಚುವಾಗ ಇವರು ಬೇರೆ ಅವರು ಬೇರೆ ಎನ್ನುವುದು ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಹಚ್ಚಿದ ಹಾಗೆ.

ಮಾರುಕಟ್ಟೆಯ ಬೆಲೆ ತಾನಾಗಿ ಹುಟ್ಟುವುದೂ ಇಲ್ಲ. ಯಾವ ಅಂಗಳ, ಯಾವ ಹೊತ್ತು ಎಂಬುದನ್ನು ಯಾರೋ ಕೂತು ನಿರ್ಧರಿಸುತ್ತಾರೆ. ಯುಎಸ್ ಓಪನ್‌ನ ಮಹಿಳಾ ಫೈನಲ್ ಟಿವಿಯ ಪ್ರೈಮ್‌ಟೈಮ್‌ಗೆ ಮೊದಲ ಸಲ ಬಂದದ್ದು 2001ರಲ್ಲಿ, ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಎದುರುಬದುರಾದಾಗ. 2023ರಲ್ಲಿ ಅಮೆರಿಕದಲ್ಲಿ ಕೊಕೊ ಗಾಫ್ ಮತ್ತು ಸಬಲೆಂಕಾ ನಡುವಿನ ಫೈನಲ್ ಅನ್ನು ಸರಾಸರಿ 34 ಲಕ್ಷ ಜನ ನೋಡಿದರು. ಜೊಕೊವಿಚ್ ಮತ್ತು ಮೆಡ್ವೆಡೆವ್ ಫೈನಲ್ ನೋಡಿದವರು 23 ಲಕ್ಷ. ಗಾಫ್ ಅಮೆರಿಕದ ಹುಡುಗಿ, ಅದೂ ಒಂದು ಕಾರಣ, ನಿಜ. ಆದರೆ ಜನ ಸೇರುವುದು ಆಟಗಾರರಿಗಾಗಿ. ಇಷ್ಟದ ಆಟಗಾರ ಹುಟ್ಟಿಕೊಳ್ಳಬೇಕಾದರೆ ಆ ಮುಖ ಒಳ್ಳೆಯ ಹೊತ್ತಿನಲ್ಲಿ, ದೊಡ್ಡ ಅಂಗಳದಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳಬೇಕು.

ಚೆಂಡಿನ ಸಂಗತಿಯನ್ನೂ ಇಲ್ಲಿ ಹೇಳಬೇಕು. ಹಾರ್ಡ್ ಕೋರ್ಟ್ ಎಂದರೆ ಕಾಂಕ್ರೀಟು ಅಥವಾ ಡಾಂಬರಿನ ತಳದ ಮೇಲೆ ಮರಳು ಬೆರೆಸಿದ ಅಕ್ರಿಲಿಕ್ ಬಣ್ಣ ಬಳಿದ ನೆಲ. ಅಂಗೈ ಸವರಿದರೆ ಉಜ್ಜುಕಾಗದ ಮುಟ್ಟಿದ ಹಾಗೆ ತರಿತರಿ. ಚೆಂಡಿನ ಹಳದಿ ತುಪ್ಪಟವನ್ನು ಆ ತರಿ ಕೀಳುತ್ತಾ ಹೋಗುತ್ತದೆ. ಅದಕ್ಕಾಗಿಯೇ ಒತ್ತಾದ ತುಪ್ಪಟದ ಗಟ್ಟಿ ಚೆಂಡು ಬೇರೆ ಇದೆ. ಯುಎಸ್ ಓಪನ್‌ನಲ್ಲಿ ಪುರುಷರು ಆ ಗಟ್ಟಿ ಚೆಂಡಿನಲ್ಲಿ ಆಡುತ್ತಿದ್ದರೆ, ಮಹಿಳೆಯರಿಗೆ ಬಹುಕಾಲ ಕೊಟ್ಟದ್ದು ತೆಳು ತುಪ್ಪಟದ ಹಗುರ ಚೆಂಡು. ಅದು ಕೈಗೆ ಸಿಗದೆ ಹಾರುತ್ತದೆ, ಹಿಡಿತ ತಪ್ಪುತ್ತದೆ ಎಂದು 2022ರಲ್ಲಿ ಶ್ವಿಯಾಂಟೆಕ್ ಬಹಿರಂಗವಾಗಿ ದೂರಿದರು. ಬದಲಾದದ್ದು 2023ರಲ್ಲಿ. ಸಮಾನ ಬಹುಮಾನ ಕೊಟ್ಟ ಮೊದಲ ಗ್ರ್ಯಾಂಡ್‌ಸ್ಲಾಂ ಯುಎಸ್ ಓಪನ್. ಅಂಥಲ್ಲೂ ಸಮಾನ ಚೆಂಡು ಬರಲು ಮತ್ತೆ ಐವತ್ತು ವರ್ಷ ಹಿಡಿಯಿತು. ಹಾರುವ ಚೆಂಡು ಕೊಟ್ಟು, ಮಹಿಳೆಯರ ಆಟದಲ್ಲಿ ತಪ್ಪು ಜಾಸ್ತಿ ಎಂದು ಎಷ್ಟು ವರ್ಷ ಹೇಳಿದ್ದೇವೋ.

ಆ ಮೊದಲ ಸಮಾನ ಬಹುಮಾನವೂ ಯಾರೋ ಕರೆದು ಕೊಟ್ಟದ್ದಲ್ಲ. 1972ರಲ್ಲಿ ಯುಎಸ್ ಓಪನ್ ಗೆದ್ದ ಬಿಲ್ಲಿ ಜೀನ್ ಕಿಂಗ್‌ಗೆ ಸಿಕ್ಕಿದ್ದು 10,000 ಡಾಲರ್, ಪುರುಷರ ಚಾಂಪಿಯನ್ ಇಲಿ ನಸ್ಟಾಸೆಗೆ 25,000. ಹೀಗಾದರೆ ಮುಂದಿನ ವರ್ಷ ಮಹಿಳೆಯರು ಬರುವುದಿಲ್ಲ ಎಂದರು ಕಿಂಗ್. ಬಾಯಿಮಾತಿಗೆ ನಿಲ್ಲದೆ, ಕೊರತೆ ತುಂಬಲು ಪ್ರಾಯೋಜಕರೊಬ್ಬರನ್ನೂ ಹೊಂದಿಸಿಕೊಂಡು ಹೋಗಿದ್ದರು. 1973ರಲ್ಲಿ ಮಾರ್ಗರೆಟ್ ಕೋರ್ಟ್ ಮತ್ತು ಜಾನ್ ನ್ಯೂಕೊಂಬ್ ಇಬ್ಬರಿಗೂ ತಲಾ 25,000 ಡಾಲರ್ ಸಿಕ್ಕಿತು. ಗಳಿಸಿದ್ದು ಉಳಿಯುತ್ತದೆಂಬ ಭರವಸೆಯೂ ಇಲ್ಲ. ಆಸ್ಟ್ರೇಲಿಯನ್ ಓಪನ್ ಸಮಾನತೆ ಕೊಟ್ಟು, 1996ರಲ್ಲಿ ಕಿತ್ತುಕೊಂಡು, 2001ರಲ್ಲಿ ಮರಳಿ ಕೊಟ್ಟಿತು.

ಬೆಂಗಳೂರಿಗರಿಗೆ ಇದು ದೂರದ ಮಾತಲ್ಲ. 2008ರ ಮಾರ್ಚ್‌ನಲ್ಲಿ ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣದಲ್ಲಿ ಮಹಿಳೆಯರ ಟೂರ್ನಿಯ ಸೆಮಿಫೈನಲ್ ಆಡಿದವರು ಸೆರೆನಾ ಮತ್ತು ವೀನಸ್ ವಿಲಿಯಮ್ಸ್. ಮೂರನೇ ಸೆಟ್ಟಿನ ಟೈಬ್ರೇಕ್‌ವರೆಗೂ ಹೋದ ಆಟವದು. ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್ ಅವರನ್ನು ಸೋಲಿಸಿ ಸೆರೆನಾ ಕಪ್ ಎತ್ತಿದರು. ಆ ಟೂರ್ನಿ ಮುಂದೆ ನಮ್ಮ ಊರಿನಲ್ಲಿ ಉಳಿಯಲಿಲ್ಲ. ಆ ಟೆನಿಸ್ ಅಂಗಳದಿಂದ ನಡೆದು ಹೋಗುವಷ್ಟು ಹತ್ತಿರ ಚಿನ್ನಸ್ವಾಮಿ ಕ್ರಿಕೆಟ್ ಕ್ರೀಡಾಂಗಣ. 2024ರ ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ಅಲ್ಲಿ ತುಂಬಿದ ಗ್ಯಾಲರಿಗಳು ಸ್ಮೃತಿ ಮಂಧಾನ ಹೆಸರು ಕೂಗಿದವು. ಬೆಂಗಳೂರಿನ ಆರ್‌ಸಿಬಿಗೆ ಮೊದಲ ಕಪ್ ತಂದುಕೊಟ್ಟದ್ದು ಸ್ಮೃತಿಯ ಆ ಹೆಣ್ಣುಮಕ್ಕಳ ತಂಡವೇ. ಹೆಂಗಸರ ಆಟಕ್ಕೆ ಜನ ಬರುವುದಿಲ್ಲ ಎಂಬ ಮಾತನ್ನು ನಮ್ಮ ಊರಿನಲ್ಲಿ ನಿಂತು ಯಾರೂ ಹೇಳಲಾರರು.

2023ರ ಜನವರಿಯಲ್ಲಿ ಮೆಲ್ಬರ್ನ್‌ನ ಹಾರ್ಡ್ ಕೋರ್ಟ್‌ನಲ್ಲಿ ಕೊಡಗಿನ ರೋಹನ್ ಬೋಪಣ್ಣ ಮತ್ತು ಸಾನಿಯಾ ಮಿರ್ಜಾ ಮಿಶ್ರ ಡಬಲ್ಸ್ ಫೈನಲ್ ಆಡಿ ಸೋತರು. ಸಾನಿಯಾಗೆ ಅದು ಕೊನೆಯ ಗ್ರ್ಯಾಂಡ್‌ಸ್ಲಾಂ. ಪಂದ್ಯದ ನಂತರ ಮಾತಾಡುತ್ತಾ ಅವರ ಗಂಟಲು ಕಟ್ಟಿತು, ಪಕ್ಕದಲ್ಲಿ ನಿಂತ ಬೋಪಣ್ಣನ ಕಣ್ಣೂ ತೇವವಾಗಿತ್ತು. ಮಿಶ್ರ ಡಬಲ್ಸ್‌ನಲ್ಲಿ ಬಹುಮಾನ ಘೋಷಿಸುವುದು ಜೋಡಿಗೆ. ಯಾರ ಸರ್ವ್ ಜೋರಾಗಿತ್ತು ಎಂದು ಅಲ್ಲಿ ಯಾರೂ ತೂಗುವುದಿಲ್ಲ.

ಗಂಡಸರೂ ಹೆಂಗಸರೂ ಒಟ್ಟಿಗೆ ಆಡುವ ದೊಡ್ಡ ಟೂರ್ನಿಗಳಲ್ಲಿ 2027ರೊಳಗೆ, ಬೇರೆ ಬೇರೆ ನಡೆಯುವ ಕಡೆ 2033ರೊಳಗೆ ಬಹುಮಾನ ಸಮ ಮಾಡುವುದಾಗಿ ಡಬ್ಲ್ಯುಟಿಎ ಪ್ರಕಟಿಸಿದೆ. ಸಿನ್ಸಿನಾಟಿಯ ಟೂರ್ನಿ ಶುರುವಾದದ್ದು 1899ರಲ್ಲಿ, ಅಲ್ಲಿನ ಕಾಯುವಿಕೆ ಅಷ್ಟು ಹಳೆಯದು. 2027ರ ಆಗಸ್ಟ್‌ನಲ್ಲಿ ಮೇಸನ್‌ನಲ್ಲಿ ಫೈನಲ್ ಮುಗಿದಾಗ ನಾನು ಮೊದಲು ಹುಡುಕುವುದು ಎರಡು ಚೆಕ್ಕುಗಳ ಮೇಲಿನ ಅಂಕಿಗಳನ್ನು, ಸ್ಕೋರನ್ನು ಆಮೇಲೆ.