ತಕ್ಕಡಿಯೇ ತೀರ್ಪು ಕೊಡಬೇಕೆ?



ಹೋಟೆಲು ಕೆಲಸಗಾರರ ಪತ್ರಿಕೆಯಲ್ಲಿ ಹೆರಿಗೆಯ ಮಾತೇಕೆ ಎಂದು ಕೆಲವರು ಮೂಗು ಮುರಿಯಬಹುದು. ಪಗಾರ, ಬೋನಸು, ರಜೆ ಗಂಡಸರ ವಿಷಯ, ಬಸುರು ಬಾಣಂತನ ಹೆಂಗಸರ ವಿಷಯ ಎಂದು ನಾವು ಹಂಚಿಕೊಂಡುಬಿಟ್ಟಿದ್ದೇವೆ. ಆದರೆ ಆಸ್ಪತ್ರೆಯ ಬಿಲ್ಲು ಕೈಗೆ ಬಂದಾಗ ಗಲ್ಲಾದ ಮುಂದೆ ತಲೆ ತಗ್ಗಿಸಿ ಮುಂಗಡ ಬೇಡುವವರು ಯಾರು? ನಾವೇ ಅಲ್ಲವೆ?

ಡೊಂಬಿವಲಿಯ ಚಾಳೊಂದರ ಖೋಲಿಯಲ್ಲಿ ಸಂಸಾರ ಹೂಡಿರುವ ನಮ್ಮ ಸಪ್ಲೈಯರ್ ಒಬ್ಬರ ಕತೆ ಕೇಳಿ. ಅವರ ಪತ್ನಿ ಎಂಟು ತಿಂಗಳು ಒಂದು ಖಾಸಗಿ ಆಸ್ಪತ್ರೆಗೆ ನಡೆದರು. ಪ್ರತಿ ಸಲವೂ ತೂಕ ನೋಡಿದರು, ಕಾಗದದ ಮೇಲೆ ಅಂಕಿ ಬರೆದರು. ಅದರ ಅರ್ಥವನ್ನು ಮಾತ್ರ ಯಾರೂ ಹೇಳಲಿಲ್ಲ. ಒಂಬತ್ತನೆಯ ತಿಂಗಳಲ್ಲಿ ಒಮ್ಮೆಲೇ ಬಂತು ಮಾತು: “ಮೈ ತೂಕ ಹೆಚ್ಚು. ಆಪರೇಷನ್ ಒಂದೇ ದಾರಿ. ಹಣ ಕಟ್ಟಿ.” ಊರಿನಿಂದ ಬಂದ ಆ ತಾಯಿಗೆ ಮರಾಠಿ ಬಾರದು. ಗಂಡ ಡ್ಯೂಟಿಯಲ್ಲಿ. ಏಕೆ ಎಂದು ಕೇಳುವವರೇ ಇರಲಿಲ್ಲ.

ತೂಕ ಲೆಕ್ಕಕ್ಕಿಲ್ಲ ಎಂದು ನಾನು ಹೇಳುತ್ತಿಲ್ಲ. ಮೈ ತೂಕ ಹೆಚ್ಚಿದ್ದರೆ ಬಸುರಿನಲ್ಲಿ ಸಕ್ಕರೆ, ರಕ್ತದೊತ್ತಡ ಏರುವ ಭಯ ಹೆಚ್ಚು. ನೋವು ನಿಧಾನವಾಗಿ ಮುಂದುವರಿಯುತ್ತದೆ, ಮಗುವಿನ ಎದೆಬಡಿತ ಕೇಳುವುದೂ ಕಷ್ಟವಾಗಬಹುದು. ಆಪರೇಷನ್ ನಿಜವಾಗಿ ಬೇಕಾದಾಗ ಅದು ತಾಯಿ ಮಗುವಿನ ಜೀವ ಉಳಿಸುತ್ತದೆ. ಆದರೆ ದಪ್ಪ ಮೈಯವರಿಗೆ ಆಪರೇಷನ್ನೂ ಹೂವಿನ ಹಾದಿಯಲ್ಲ. ಬೆನ್ನಿಗೆ ಅರಿವಳಿಕೆಯ ಸೂಜಿ ಹಾಕುವುದು ಕಠಿಣ, ಹೊಲಿಗೆ ಕೀವಾಗುವ, ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಆದುದರಿಂದ ತೂಕವೊಂದನ್ನೇ ಕಾರಣ ಮಾಡಿ ಹೊಟ್ಟೆ ಕೊಯ್ಯುವುದು ನ್ಯಾಯವಲ್ಲ. ತೂಕ ಮುಂಚಿತವಾಗಿ ಎಚ್ಚರಿಸಬೇಕು, ಕೊನೆಯ ಗಳಿಗೆಯಲ್ಲಿ ಹೆದರಿಸಬಾರದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ನೋಡಿ. ದೇಶದ ಸರಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ನೂರಕ್ಕೆ 14.3 ಆಪರೇಷನ್. ಖಾಸಗಿಯಲ್ಲಿ ನೂರಕ್ಕೆ 47.4! ಕಷ್ಟದ ಹೆರಿಗೆಗಳು ಸರಕಾರಿ ಆಸ್ಪತ್ರೆಗೂ ಬರುತ್ತವೆ. ಇಷ್ಟು ದೊಡ್ಡ ಅಂತರವೆಲ್ಲ ತಾಯಂದಿರ ಮೈಯಿಂದಲೇ ಬಂತೆಂದು ನಂಬಲು ನಾವೇನು ಮೂಢರೆ?

ನಮ್ಮ ತಪ್ಪೂ ಇದೆ. “ಬಸುರಿ ಇಬ್ಬರ ಊಟ ಉಣ್ಣಬೇಕು” ಎಂದು ಅತ್ತೆ ಬಡಿಸುತ್ತಾರೆ, ಗಂಡ ಹೋಟೆಲಿನಿಂದ ಉಳಿದ ಬನ್ಸು, ಬೋಂಡ ಕಟ್ಟಿಕೊಂಡು ಬರುತ್ತಾನೆ. ನಮ್ಮ ದೇಶದ ಪೋಷಣಾ ತಜ್ಞರು 2020ರಲ್ಲಿ ಹೇಳಿದಂತೆ ಬಸುರಿಗೆ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚಿಗೆ ಸಾಕು. ಅಂದರೆ ಎರಡು ಚಪಾತಿ, ಒಂದು ಲೋಟ ಹಾಲು. ಹಾಗೆಂದು ತೂಕ ಇಳಿಸಲು ಬಸುರಿಯನ್ನು ಉಪವಾಸ ಕೆಡವುವುದೂ ಸಲ್ಲದು. ಬಡಕಲು ಮೈ, ರಕ್ತಹೀನತೆ ಇನ್ನೊಂದು ಶಾಪ. ಅದೇ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಗರ್ಭಿಣಿಯರಿಗೆ ರಕ್ತಹೀನತೆ ಕಂಡುಬಂದಿದೆ. ನಡೆದಾಡಲು ಜಾಗವಿಲ್ಲದ ಖೋಲಿ, ಹಣ್ಣು ತರಕಾರಿಗೆ ಸಾಲದ ಪಗಾರ, ಹೆಂಡತಿಯೊಡನೆ ಆಸ್ಪತ್ರೆಗೆ ಹೋಗಲು ಸಿಗದ ರಜೆ ಇವೆಲ್ಲ ಸೇರಿ ಮೈಯ ತೂಕವಾಗುತ್ತವೆ. ಅದಕ್ಕಾಗಿ ತಾಯಿಯೊಬ್ಬಳನ್ನೇ ಹಳಿಯುವುದು ಯಾವ ಧರ್ಮ?

ಹಾಗಾದರೆ ಮಾಡಬೇಕಾದುದೇನು?

ಮೊದಲ ಮೂರು ತಿಂಗಳೊಳಗೆ ಎತ್ತರ, ತೂಕ ಎರಡನ್ನೂ ಬರೆಸಿ. ತೂಕ ಹೆಚ್ಚಿದೆಯೆ, ಎಷ್ಟು ಏರಬಹುದು, ಸಕ್ಕರೆ ಪರೀಕ್ಷೆ ಯಾವಾಗ ಎಂದು ಆಗಲೇ ಕೇಳಿ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಕು ಸರಕಾರಿ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಪುಕ್ಕಟೆ ತಪಾಸಣೆಯಿದೆ. ಕಲ್ಯಾಣದ ರುಕ್ಮಿಣಿಬಾಯಿ, ಡೊಂಬಿವಲಿಯ ಶಾಸ್ತ್ರಿನಗರ, ಕಳವಾದ ಛತ್ರಪತಿ ಶಿವಾಜಿ ಮಹಾರಾಜ, ವಾಶಿಯ ನಗರಪಾಲಿಕೆ ಆಸ್ಪತ್ರೆಗಳು ನಮ್ಮ ತೆರಿಗೆಯಿಂದಲೇ ನಡೆಯುವಂಥವು. ತೂಕ ಹೆಚ್ಚಿದ್ದರೆ ಅರಿವಳಿಕೆಯ ವೈದ್ಯರು, ರಕ್ತ, ಕೂಸಿನ ಆರೈಕೆ ಇರುವ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿ. ಹೆರಿಗೆಗೆ ತವರಿಗೆ ಹೋಗುವವರು ಕಾಗದಪತ್ರಗಳನ್ನೆಲ್ಲ ಜತೆಗೆ ಒಯ್ಯಿರಿ. ಆಪರೇಷನ್ ಎಂದರೆ ಮೂರು ಪ್ರಶ್ನೆ ಕೇಳಿ: ಕಾರಣವೇನು? ಕಾದರೆ ಏನಾಗುತ್ತದೆ? ಬೇರೆ ದಾರಿಯಿದೆಯೆ? ಸರಕಾರಿ ಆಸ್ಪತ್ರೆಯ ಹೆರಿಗೆಯಲ್ಲಿ ಜತೆಗೆ ಒಬ್ಬ ಹೆಂಗಸು ಇರಲು 2016ರಲ್ಲಿಯೇ ಕೇಂದ್ರ ಸರಕಾರ ಒಪ್ಪಿದೆ. ಮರಾಠಿ ಬಲ್ಲ ನೆರೆಯವರನ್ನು ಕರೆದೊಯ್ಯಿರಿ.

ಕೊನೆಯದಾಗಿ ಮಾಲಕರಿಗೊಂದು ಮಾತು. ಹತ್ತು ಮಂದಿ ದುಡಿಯುವ ಹೋಟೆಲು ಇ.ಎಸ್.ಐ. ವಿಮೆಗೆ ಒಳಪಡುತ್ತದೆ. ತಿಂಗಳಿಗೆ 21,000 ರೂಪಾಯಿಯ ತನಕ ಪಗಾರ ಪಡೆಯುವವನ ಹೆಂಡತಿಗೂ ಆ ವಿಮೆಯಲ್ಲಿ ಚಿಕಿತ್ಸೆಯುಂಟು. 2019ರಿಂದ ಮಾಲಕರ ಪಾಲು ನೂರಕ್ಕೆ ಮೂರೂಕಾಲು, ನಮ್ಮದು ಮುಕ್ಕಾಲು. ಇಷ್ಟನ್ನು ತಪ್ಪಿಸಲು ಹದಿನೈದು ಮಂದಿಯಲ್ಲಿ ಎಂಟು ಮಂದಿಯ ಹೆಸರನ್ನಷ್ಟೆ ಹಾಜರಿಪುಸ್ತಕದಲ್ಲಿ ಬರೆಯುವವರೇ, ನಿಮ್ಮ ಮನೆಯ ಹೆಣ್ಣುಮಕ್ಕಳೂ ಹೆರುವವರೇ ಅಲ್ಲವೆ?

ಬಂಧುಗಳೆ, ಇ.ಎಸ್.ಐ. ಚೀಟಿಯನ್ನು ಕೇಳಿ ಪಡೆಯಿರಿ. ಸಿಗದಿದ್ದರೆ ಸಂಘಕ್ಕೆ ಬನ್ನಿ. ತಕ್ಕಡಿ ತೂಕ ಹೇಳಲಿ. ತೀರ್ಪು, ಎಲ್ಲವನ್ನೂ ತಿಳಿದುಕೊಂಡ ತಾಯಿಯದಾಗಲಿ.