ಎರಡಕ್ಕೂ ಒಂದೇ ಕೋವಿಯೆ?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮೊದಲ ಬಾರಿಗೆ ರೈಫಲ್ ಕೊಳ್ಳಲು ಹೊರಟವನು ಅಂಗಡಿಯಲ್ಲಿ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ. ಗುರಿ ಹೊಡೆಯುವ ಅಭ್ಯಾಸಕ್ಕೂ ಆಗಬೇಕು, ಅಳಿಲು ಮೊಲಗಳಂಥ ಸಣ್ಣ ಬೇಟೆಗೂ ಒದಗಬೇಕು. ಯಾವ ಕ್ಯಾಲಿಬರ್ ತೆಗೆದುಕೊಳ್ಳಲಿ? ಕ್ಯಾಲಿಬರ್ ಎಂದರೆ ನಳಿಗೆಯ ಒಳವ್ಯಾಸ, ಅದರಿಂದಲೇ ಗುಂಡಿನ ಗಾತ್ರ. ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ‘22 ಲಾಂಗ್ ರೈಫಲ್’, ಅಂದರೆ ಅಂಗುಲದ ನೂರನೆಯ ಇಪ್ಪತ್ತೆರಡು ಭಾಗ, ಸುಮಾರು 5.6 ಮಿಲಿಮೀಟರ್. ತೋಟಾ ಅಗ್ಗ, ಸದ್ದು ಕಡಿಮೆ, ಹೆಗಲಿಗೆ ಒದೆಯುವುದಿಲ್ಲ, ಹುಡುಗರೂ ಹಿಡಿಯಬಹುದು, ಮಾಂಸ ಕೆಡುವುದಿಲ್ಲ. ಈ ಕೊನೆಯ ಮಾತು ಉಳಿದ ನಾಲ್ಕರ ಸಾಲಿನಲ್ಲಿ ಎಷ್ಟು ಸಹಜವಾಗಿ ಬಂದು ಕುಳಿತುಬಿಡುತ್ತದೆ ಎಂಬುದನ್ನು ಶ್ರಾವಕರು ಗಮನಿಸಬೇಕು.

ಇದು ಪರದೇಶದ, ಪರಧರ್ಮೀಯರ ವಿಷಯವೆಂದು ಪುಟ ತಿರುವಿಹಾಕುವಂತಿಲ್ಲ. ಉತ್ತರ ಅಮೆರಿಕದ ಜೈನ ಕೇಂದ್ರಗಳ ಒಕ್ಕೂಟವಾದ ‘ಜೈನಾ’ 1981ರಲ್ಲಿ ಸ್ಥಾಪಿತವಾಯಿತು. ಅಲ್ಲಿ ನೆಲಸಿದ ಜೈನರಲ್ಲಿ ಕನ್ನಡಿಗರೂ ಇದ್ದಾರೆ. ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಸ್ಕೌಟ್ ಶಿಬಿರದಲ್ಲಿ 22 ಕ್ಯಾಲಿಬರಿನ ರೈಫಲ್ ಕೈಗೆ ಬರುವುದುಂಟು. ಸಹಪಾಠಿಗಳ ಮನೆಗಳಲ್ಲಂತೂ ಅದು ಕ್ರಿಕೆಟ್ ಬ್ಯಾಟಿನಷ್ಟೇ ಸಾಮಾನ್ಯ. ಮನೆಯಲ್ಲಿ ಗೆಡ್ಡೆಗೆಣಸನ್ನು ವರ್ಜಿಸಿರುವ ತಂದೆ, ಮಗ ಕೋವಿ ಕೇಳಿದಾಗ, ಕಾಗದಕ್ಕೆ ತಾನೆ ಹೊಡೆಯುವುದು ಎಂದು ಒಪ್ಪುತ್ತಾನೆ. ಅಂಗಡಿಯವನು ‘ಎರಡಕ್ಕೂ ಆಗುತ್ತದೆ’ ಎಂದು ಕೊಡುತ್ತಾನೆ. ಹೇಳಬೇಕಾದ ಮಾತು ಇರುವುದು ಈ ‘ಎರಡಕ್ಕೂ’ ಎಂಬ ಪದದ ಬಗೆಗೆ.

ಮೊದಲು ಕೋವಿಯ ಶಾಸ್ತ್ರವನ್ನೇ ನೋಡೋಣ. ಧರ್ಮಶಾಸ್ತ್ರ ಆಮೇಲೆ ಬರಲಿ. 22 ಲಾಂಗ್ ರೈಫಲ್ ತೋಟಾ 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿಯಿಂದ ಹೊರಬಂದದ್ದು. ಅದರ ವಂಶಮೂಲ 1845ರಲ್ಲಿ ಫ್ರಾನ್ಸಿನ ಫ್ಲೋಬೆರ್ ಎಂಬಾತ ಮನೆಯ ದಿವಾನಖಾನೆಯಲ್ಲಿ ಗುರಿ ಹೊಡೆದು ವಿನೋದಪಡಲೆಂದು ಮಾಡಿದ ಪುಟ್ಟ ತೋಟಾದಲ್ಲಿದೆ. ಹುಟ್ಟಿನಿಂದ ಅದು ಆಟದ ವಸ್ತು. ಆದರೆ ಇಂದು ಅದೇ ಹೆಸರಿನಲ್ಲಿ ಮಾರಾಟವಾಗುವ ತೋಟಾಗಳು ಎರಡು ಬಗೆಯವು. ಸ್ಪರ್ಧೆಯ ಗುರಿಗಾರನು ಬಯಸುವ ಗುಂಡು ಘನವಾದದ್ದು, ದುಂಡು ಮೂತಿಯದು, ತೂಕ ಸುಮಾರು 2.6 ಗ್ರಾಂ, ಅದರ ವೇಗ ಸೆಕೆಂಡಿಗೆ ಸುಮಾರು 325 ಮೀಟರ್, ಎಂದರೆ ಶಬ್ದದ ವೇಗಕ್ಕಿಂತ ತುಸು ಕಡಿಮೆ. ಶಬ್ದದ ವೇಗವನ್ನು ದಾಟಿ ಹೋದ ಗುಂಡು ದಾರಿಯಲ್ಲಿ ಮತ್ತೆ ಆ ವೇಗಕ್ಕಿಂತ ಕೆಳಗಿಳಿಯುವಾಗ ಅಲುಗಿ ಗುರಿ ತಪ್ಪುತ್ತದೆಂಬುದು ಅದಕ್ಕೆ ಕಾರಣ. ಬೇಟೆಗಾರನಿಗೆ ಮಾರುವ ಗುಂಡು ಸೆಕೆಂಡಿಗೆ 380 ಮೀಟರಿನ ಆಸುಪಾಸಿನಲ್ಲಿ ಹೋಗುತ್ತದೆ. ಅದರ ತುದಿಯಲ್ಲಿ ಒಂದು ಕುಳಿ ಇರುತ್ತದೆ. ‘ಹಾಲೋ ಪಾಯಿಂಟ್’ ಎನ್ನುವ ಈ ಕುಳಿಗುಂಡು ಹಸಿಮಾಂಸವನ್ನು ಹೊಕ್ಕೊಡನೆ ಹೂವಿನಂತೆ ಅರಳಿಕೊಂಡು ಒಳಗನ್ನು ಹರಿಯುತ್ತದೆ. ಕಾಗದದಲ್ಲಿ ಅದು ಅರಳುವುದಿಲ್ಲ. ಆ ಕುಳಿಗೆ ಕಾಗದದ ಮೇಲೆ ಯಾವ ಕೆಲಸವೂ ಇಲ್ಲ.

2002ರಲ್ಲಿ ಬಂದ 17 ಎಚ್‌ಎಂಆರ್ ಎಂಬ ತೋಟಾದ ಕಥೆ ಇನ್ನೂ ಸ್ಪಷ್ಟ. ಗುಂಡು ಬರಿಯ 1.1 ಗ್ರಾಂ, ವೇಗ ಮಾತ್ರ ಸೆಕೆಂಡಿಗೆ 770 ಮೀಟರಿಗೂ ಮಿಗಿಲು. ದೂರದ ಅಳಿಲಿಗೆ ಇದು ಒಳ್ಳೆಯದೇ, ಮೊಲದ ಮೈಗೆ ಬಿದ್ದರೆ ಮಾಂಸ ಹಾಳಾಗುವುದೇ, ತಲೆಗೇ ಹೊಡೆಯಬೇಕೇ ಎಂಬ ಚರ್ಚೆ ಅದರ ಸುತ್ತ ನಡೆಯುತ್ತಲೇ ಇರುತ್ತದೆ. ಹೀಗೆ ಕೋವಿಯವರ ಲೆಕ್ಕದಲ್ಲಿಯೇ ಗುರಿಯ ಅಭ್ಯಾಸ ಮತ್ತು ಸಣ್ಣ ಬೇಟೆ ಎರಡೂ ಒಂದಲ್ಲ. ಒಂದನ್ನು ಅಳೆಯುವುದು ಕಾಗದದ ಮೇಲಿನ ವೃತ್ತದಿಂದ, ಮತ್ತೊಂದನ್ನು ಅಳೆಯುವುದು ಒಂದು ಜೀವಿಯ ತಲೆಬುರುಡೆಯ ಅಗಲದಿಂದ. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುವವನು ಕ್ಯಾಲಿಬರನ್ನು ಆರಿಸುವುದಕ್ಕೆ ಮೊದಲೇ ಮೊಲವನ್ನು ಆರಿಸಿಯಾಗಿದೆ.

ಅರಳುವ ಗುಂಡಿಗೂ ಭಾರತಕ್ಕೂ ಒಂದು ನಂಟಿದೆ. 1890ರ ದಶಕದಲ್ಲಿ ಕಲ್ಕತ್ತೆಯ ಬಳಿಯ ದಂದಂ ಶಸ್ತ್ರಾಗಾರದಲ್ಲಿ ಬ್ರಿಟಿಷರು ಇಂಥ ಗುಂಡುಗಳನ್ನು ಸೈನಿಕರ ಕೈಗೆ ಕೊಟ್ಟರು. ಅದರಿಂದಲೇ ‘ದಂದಂ ಗುಂಡು’ ಎಂಬ ಹೆಸರು ಜಗತ್ತಿಗೆಲ್ಲ ಹರಡಿತು. 1899ರ ಹೇಗ್ ಸಮ್ಮೇಳನವು ಯುದ್ಧದಲ್ಲಿ ಅವುಗಳ ಬಳಕೆಯನ್ನು ನಿಷೇಧಿಸುವ ಘೋಷಣೆ ಹೊರಡಿಸಿತು. ಶತ್ರುಸೈನಿಕನ ದೇಹದಲ್ಲಿ ಅರಳುವ ಗುಂಡು ಅಮಾನುಷ. ಎರಡು ಸೇರು ತೂಗದ ಮೊಲದ ದೇಹದಲ್ಲಿ ಅರಳುವ ಗುಂಡು ದಯೆ! ಬೇಟೆಯ ಪಾಠಪುಸ್ತಕಗಳು ದಯೆ ಎಂಬ ಅರ್ಥದ ಪದವನ್ನೇ ಬಳಸುತ್ತವೆ.

ಆ ವಾದವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಗಾಯಗೊಂಡ ಪ್ರಾಣಿ ಪೊದೆಯಲ್ಲಿ ನರಳಿ ಸಾಯುವುದಕ್ಕಿಂತ ಒಂದೇ ಏಟಿಗೆ ಸಾಯಲಿ. ಆದುದರಿಂದ ಸಾಕಷ್ಟು ಬಲವುಳ್ಳ ಕ್ಯಾಲಿಬರನ್ನು ಆರಿಸು, 50 ಗಜದೊಳಗೆ ಹೊಡೆ, ಕಾಗದದ ಮೇಲೆ ಕೈ ಪಳಗುವವರೆಗೆ ಬೇಟೆಗೆ ಹೋಗಬೇಡ ಎನ್ನುತ್ತಾರೆ. ಕೊಲ್ಲುವವರ ನಡುವೆ ಇದು ಒಳ್ಳೆಯ ಬುದ್ಧಿವಾದವೇ ಸರಿ. ಆದರೆ ಮೊಲದ ಮುಂದಿರುವ ಆಯ್ಕೆ ಎರಡು ಕ್ಯಾಲಿಬರುಗಳ ನಡುವಣದಲ್ಲ. ನಮ್ಮ ಮುನಿಗಳು ಈರ್ಯಾಸಮಿತಿಯಲ್ಲಿ ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ಇರುವೆಯೊಂದು ಕಾಲಡಿಗೆ ಸಿಗದಿರಲೆಂದು ಆ ಎಚ್ಚರ. ದೂರದರ್ಶಕವನ್ನು ಕಟ್ಟಿದ ರೈಫಲಿನ ಹಿಂದೆಯೂ ಎಚ್ಚರವಿದೆ, ಬಿಗಿಹಿಡಿದ ಉಸಿರಿದೆ, ಅಲುಗದ ದೇಹವಿದೆ. ಯತ್ನಾಚಾರದ ಹೊರರೂಪವೆಲ್ಲ ಅಲ್ಲಿದೆ. ಅದು ಪ್ರಯೋಗವಾಗುತ್ತಿರುವುದು ಮಾತ್ರ ಜೀವವನ್ನು ತಪ್ಪಿಸುವುದಕ್ಕಲ್ಲ, ತಪ್ಪದೆ ತೆಗೆಯುವುದಕ್ಕೆ.

ಜೈನರು ಶಸ್ತ್ರವನ್ನು ಕಂಡೊಡನೆ ಮುಖ ತಿರುಗಿಸುವವರಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ. ಶ್ರಾವಕನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಪೂರ್ಣವಾಗಿ ಬಿಡುವುದು ಅಸಾಧ್ಯವೆಂದು ಆಚಾರ್ಯರೇ ಒಪ್ಪಿದ್ದಾರೆ. ಒಪ್ಪದೆ ಉಳಿಸಿದ್ದು ಸಂಕಲ್ಪೀ ಹಿಂಸೆಯನ್ನು. ಬೇಟೆಯನ್ನು ಜೂಜು, ಮದ್ಯಗಳ ಜೊತೆಯಲ್ಲಿ ಸಪ್ತವ್ಯಸನಗಳಲ್ಲಿ ಎಣಿಸಿದ್ದು ಏಕೆಂದರೆ ಅಲ್ಲಿ ಕೊಲ್ಲುವ ಅಗತ್ಯವಿಲ್ಲ, ಕೊಲ್ಲುವ ರುಚಿಯಿದೆ. ರಾಷ್ಟ್ರರಕ್ಷಣೆಗೆ ಕತ್ತಿ ಹಿಡಿದವನ ಹೆಸರನ್ನು ಹೇಳಿಕೊಂಡು ಅಳಿಲಿಗೆ ಗುರಿಯಿಡುವುದನ್ನು ಸಮರ್ಥಿಸಲು ಬರುವುದಿಲ್ಲ.

ಹಾಗಾದರೆ ಬರಿಯ ಗುರಿಯ ಅಭ್ಯಾಸಕ್ಕೇನು ಅಡ್ಡಿ? ಕಾಗದದ ವೃತ್ತಕ್ಕೆ ಹೊಡೆಯುವುದಕ್ಕೆ ಏನೂ ಅಡ್ಡಿಯಿಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊತ್ತಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನವನ್ನು ತಂದದ್ದು 10 ಮೀಟರಿನ ಏರ್ ರೈಫಲಿನಿಂದ, 4.5 ಮಿಲಿಮೀಟರಿನ ಸೀಸದ ಗುಂಡಿನಿಂದ. 2024ರಲ್ಲಿ ಪ್ಯಾರಿಸಿನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಬೆಳಗಾವಿಯ ನೆರೆಯ ಕೊಲ್ಹಾಪುರ ಜಿಲ್ಲೆಯವರು. 50 ಮೀಟರಿನ ಅವರ ಸ್ಪರ್ಧೆಯಲ್ಲಿ ಬಳಕೆಯಾಗುವುದು ಇದೇ 22 ಕ್ಯಾಲಿಬರ್. ಅಲ್ಲಿ ಸಾಯುವ ಜೀವವಿಲ್ಲ, ಸಾಯಲೆಂಬ ಸಂಕಲ್ಪವೂ ಇಲ್ಲ. ಏಕಾಗ್ರತೆಯ ಆ ವಿದ್ಯೆಯನ್ನು ಜೈನ ಹುಡುಗ ಹುಡುಗಿಯರು ಕಲಿತರೆ ಸಂತೋಷವೇ.

ಆದರೆ ಕಾಗದಕ್ಕೆ ಮೊಲದ ರೂಪ ಬಂದಾಗ? ಮೆಕ್ಸಿಕೋದಲ್ಲಿ ಒಂದು ಕಾಲಕ್ಕೆ ಜೀವಂತ ಪ್ರಾಣಿಗಳನ್ನು ದೂರದಲ್ಲಿ ಕಟ್ಟಿ ಗುರಿ ಹೊಡೆಯುವ ಪಂದ್ಯಗಳಿದ್ದವು. ಮುಂದೆ ಅವುಗಳ ಜಾಗಕ್ಕೆ ಉಕ್ಕಿನ ತಗಡಿನ ಆಕೃತಿಗಳು ಬಂದವು. ಈಗ ಅದು ಹಲವು ದೇಶಗಳ ಕ್ರೀಡೆ. 22 ಕ್ಯಾಲಿಬರಿನ ಪಂದ್ಯದಲ್ಲಿ 40 ಮೀಟರಿಗೆ ಕೋಳಿ, 60 ಮೀಟರಿಗೆ ಹಂದಿ, 77 ಮೀಟರಿಗೆ ಟರ್ಕಿ ಕೋಳಿ, 100 ಮೀಟರಿಗೆ ಟಗರು. ಉಕ್ಕಿನ ಕೋಳಿಗೆ ನೋವಿಲ್ಲವಷ್ಟೆ ಎನ್ನುವ ಕನ್ನಡ ಜೈನನಿಗೆ ಹಿಟ್ಟಿನ ಕೋಳಿಯ ನೆನಪಾಗಬೇಕು. ಹೊಯ್ಸಳರ ಕಾಲದ ಜನ್ನನು 13ನೆಯ ಶತಮಾನದಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರ ಜೀವಬಲಿಯನ್ನು ನಿರಾಕರಿಸಿ ಹಿಟ್ಟಿನ ಕೋಳಿಯನ್ನು ಕಡಿದ. ಸತ್ತದ್ದು ಹಿಟ್ಟು; ಕಡಿದದ್ದು ಸಂಕಲ್ಪ. ಆ ಒಂದು ಸಂಕಲ್ಪಕ್ಕಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು ಮುಂತಾದ ಜನ್ಮಗಳಲ್ಲಿ ತೊಳಲಿದರು.

ಬಸದಿಗಳಲ್ಲಿ ಈ ಕಥೆಯನ್ನು ಹೇಳುವವರು ಹಿಟ್ಟಿನ ಕೋಳಿಯ ಬಳಿ ನಿಂತುಬಿಡುವುದೇ ಹೆಚ್ಚು. ಪ್ರಸ್ತುತಕ್ಕೆ ಇನ್ನೂ ಹತ್ತಿರವಾದ ಘಟ್ಟ ಮುಂದಿದೆ. ಕಡೆಯ ತಿರ್ಯಗ್ಜನ್ಮದಲ್ಲಿ ಅವರಿಬ್ಬರೂ ನಿಜವಾದ ಕೋಳಿಗಳಾಗಿ ಹುಟ್ಟುತ್ತಾರೆ. ಮುನಿಯೊಬ್ಬರ ಧರ್ಮೋಪದೇಶ ಕಿವಿಗೆ ಬಿದ್ದು, ಹಿಂದಿನ ಜನ್ಮದ ಅರಿವಾಗಿ, ಹರ್ಷದಿಂದ ಕೂಗುತ್ತಾರೆ. ಆಗ ಅರಸನಾಗಿದ್ದ ಯಶೋಮತಿ ರಾಣಿ ಕುಸುಮಾವಳಿಯ ಜೊತೆಗಿದ್ದ. ಸದ್ದು ಬಂದ ಕಡೆಗೆ ಬಾಣ ಬಿಟ್ಟು ಗುರಿ ಮುಟ್ಟಿಸುವ ಶಬ್ದವೇಧಿ ವಿದ್ಯೆಯನ್ನು ಅವಳಿಗೆ ತೋರಿಸಬೇಕೆಂದು ಒಂದೇ ಬಾಣದಿಂದ ಎರಡನ್ನೂ ಕೆಡವಿದ. ಅವನಿಗೆ ಹಸಿವಿರಲಿಲ್ಲ, ಕೋಳಿಗಳ ಮೇಲೆ ಹಗೆಯಿರಲಿಲ್ಲ. ಅವನದು ಗುರಿಯ ಅಭ್ಯಾಸವೂ ಹೌದು, ಸಣ್ಣ ಬೇಟೆಯೂ ಹೌದು; ಎರಡಕ್ಕೂ ಒಂದೇ ಬಿಲ್ಲು. ಕೆಳಗೆ ಬಿದ್ದ ಜೀವಗಳು ಅವನ ತಂದೆ ಮತ್ತು ಅಜ್ಜಿ.

ಇಲ್ಲೊಂದು ವಿವೇಚನೆ ಬೇಕು. 1900ರಲ್ಲಿ ಪ್ಯಾರಿಸಿನ ಒಲಿಂಪಿಕ್ ಕೂಟದ ವೇಳೆಗೆ ನಡೆದ ಪಂದ್ಯದಲ್ಲಿ ನೂರಾರು ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆದರು. ಅನಂತರ ಅಂಥ ಸ್ಪರ್ಧೆ ಒಲಿಂಪಿಕ್ಕಿನಲ್ಲಿ ನಡೆಯಲಿಲ್ಲ. ಉಳಿದದ್ದು ಆಕಾಶಕ್ಕೆ ಚಿಮ್ಮುವ ಮಣ್ಣಿನ ಬಿಲ್ಲೆ. ಇಂಗ್ಲಿಷಿನಲ್ಲಿ ಅದನ್ನು ಇಂದಿಗೂ ‘ಮಣ್ಣಿನ ಪಾರಿವಾಳ’ ಎಂದೇ ಕರೆಯುತ್ತಾರೆ, ಆದರೂ ಅದಕ್ಕೆ ರೆಕ್ಕೆಯಿಲ್ಲ, ಕೊಕ್ಕಿಲ್ಲ. ಅದು ಹಕ್ಕಿಯನ್ನು ಬಿಟ್ಟುಬಂದ ದಾರಿ. ಬೇಟೆಗೆಂದು ಕೈ ಪಳಗಿಸಲು ಅಳಿಲಿನ ಚಿತ್ರಕ್ಕೆ ಹೊಡೆಯುವುದು ಹಕ್ಕಿಯ ಕಡೆಗೆ ಹೊರಟ ದಾರಿ. ಹೊರಗಿನಿಂದ ನೋಡುವವನಿಗೆ ಎರಡೂ ನಿರ್ಜೀವ ವಸ್ತುಗಳೇ. ಹೊಡೆಯುವವನ ಪರಿಣಾಮ ಎತ್ತ ಮುಖ ಮಾಡಿದೆ ಎಂಬುದು ಅವನಿಗೇ ಗೊತ್ತು.

ಸಲಹೆ ಕೊಡುವವನ ಪಾತ್ರವೂ ಸಣ್ಣದಲ್ಲ. ಅನರ್ಥದಂಡ ವ್ರತದ ಅತ್ಯಂತ ಉಪೇಕ್ಷಿತ ಭಾಗ ಪಾಪೋಪದೇಶ. ಬಲೆಗಾರನಿಗೂ ಹಕ್ಕಿ ಹಿಡಿಯುವವನಿಗೂ ‘ಇಂಥ ಕಡೆ ಜಿಂಕೆಗಳಿವೆ, ಇಂಥ ಕಡೆ ಹಕ್ಕಿಗಳಿವೆ’ ಎಂದು ಹೇಳುವುದನ್ನೇ ತತ್ತ್ವಾರ್ಥಸೂತ್ರದ ಟೀಕಾಕಾರರು ಅದಕ್ಕೆ ಉದಾಹರಣೆಯಾಗಿ ಕೊಟ್ಟಿದ್ದಾರೆ. ಮೊಲಕ್ಕೆ ಈ ಗುಂಡು ಸಾಕು, ಅಳಿಲಿಗೆ ಆ ಗುಂಡು ಹೆಚ್ಚಾಯಿತು ಎಂದು ಹೇಳುವ ಜಾಣ, ತಾನು ಟ್ರಿಗರ್ ಎಳೆಯಲಿಲ್ಲವೆಂದು ಸಮಾಧಾನಪಡುವಂತಿಲ್ಲ. ಆಯುಧವನ್ನು ಕೊಡಿಸುವ ತಂದೆಗೆ ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಬೇರೆಯೇ ಹೆಸರಿದೆ: ಹಿಂಸಾದಾನ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇರುವುದರಿಂದ ಈ ಚರ್ಚೆಯೇ ಇಲ್ಲಿ ಬೇಡ ಎನ್ನುವವರು ಏರ್‌ಗನ್ನನ್ನು ಮರೆಯುತ್ತಾರೆ. ಬಿಂದ್ರಾ ಚಿನ್ನ ಗೆದ್ದ ಅದೇ 4.5 ಮಿಲಿಮೀಟರಿನ ಗುಂಡು ಊರಂಚಿನ ತೋಟಗಳಲ್ಲಿ ಬೆಳವ, ಗಿಳಿಗಳನ್ನು ಕೆಡವುತ್ತದೆ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಏರ್‌ಗನ್ನುಗಳನ್ನು ಸ್ವಯಂ ಒಪ್ಪಿಸುವ ಅಭಿಯಾನವನ್ನೇ ಆರಂಭಿಸಬೇಕಾಯಿತು. ಬೇಟೆ ಕುಲಾಚಾರವಾಗಿದ್ದ ಕಡೆಯ ಜನ ತಾವಾಗಿ ಬಂದು ಕೋವಿಗಳನ್ನು ಒಪ್ಪಿಸಿದರು. ಅಹಿಂಸೆಯನ್ನು ಜನ್ಮದಿಂದ ಪಡೆದವರು ಅವರನ್ನು ನೋಡಿ ಕಲಿಯಬೇಕಾಗಿ ಬಂದರೆ ನಾಚಿಕೆಪಡಬೇಕಾದ್ದಿಲ್ಲ, ಕಲಿತರಾಯಿತು.

ತುಳುನಾಡು, ಮಲೆನಾಡುಗಳ ಕೃಷಿಕರು ಬೆಳೆರಕ್ಷಣೆಗೆಂದು ಪರವಾನಗಿ ಪಡೆದು ಇಟ್ಟುಕೊಳ್ಳುವ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಬೇಕಾದ ಕೋವಿಯ ಪ್ರಶ್ನೆ ಬೇರೆಯದು, ಹೆಚ್ಚು ಕಠಿಣವಾದದ್ದು. ಅಲ್ಲಿ ಉದ್ಯೋಗೀ ಹಿಂಸೆಯ ಗಡಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಪ್ರತ್ಯೇಕವಾಗಿ, ಕೃಷಿಕರನ್ನೇ ಕೂರಿಸಿಕೊಂಡು ವಿಚಾರಿಸಬೇಕು. ವಿನೋದಕ್ಕೆ ಕೊಳ್ಳುವ ರೈಫಲನ್ನು ಆ ಕಷ್ಟದ ಮರೆಯಲ್ಲಿ ನಿಲ್ಲಿಸಬಾರದು. ಹಾಗೆಯೇ, ರೇಷ್ಮೆಯುಟ್ಟು ಬಸದಿಗೆ ಬರುವವರು ಬೇಟೆಯ ಬಗೆಗೆ ಹೇಳಬಹುದೇ ಎಂಬ ಆಕ್ಷೇಪವೂ ಬರುತ್ತದೆ. ಆಕ್ಷೇಪ ಸುಳ್ಳಲ್ಲ, ಒಂದು ತಪ್ಪನ್ನು ತೋರಿಸಿ ಇನ್ನೊಂದಕ್ಕೆ ಅನುಮತಿ ಪಡೆಯುವುದು ಮಾತ್ರ ಹಳೆಯ ಚಮತ್ಕಾರ.

ಬಸದಿಗಳ ಟ್ರಸ್ಟುಗಳು ಗುರಿಗಾರಿಕೆಯಲ್ಲಿ ಪದಕ ಗೆದ್ದ ಮಕ್ಕಳನ್ನು ಸನ್ಮಾನಿಸಲಿ, ವಿದ್ಯಾರ್ಥಿನಿಲಯಗಳಲ್ಲಿ ಬೇಕಿದ್ದರೆ ಕಾಗದದ ವೃತ್ತಕ್ಕೆ ಹೊಡೆಯುವ ಏರ್ ರೈಫಲ್ ತರಬೇತಿಯನ್ನೂ ಏರ್ಪಡಿಸಲಿ. ಪ್ರಾಣಿಯಾಕೃತಿಯ ಗುರಿಗಳು ಮಾತ್ರ ಆವರಣದೊಳಗೆ ಬರಕೂಡದು. ಅಮೆರಿಕದ ಜೈನ ಕೇಂದ್ರಗಳ ಪಾಠಶಾಲೆಗಳಲ್ಲಿ ಯಶೋಧರನ ಕಥೆಯನ್ನು ಹೇಳುವವರು ಯಶೋಮತಿಯ ಬಾಣದವರೆಗೂ ಹೇಳಲಿ. ಅಲ್ಲಿನ ಹುಡುಗರಿಗೆ ಅದು ಬೇಗ ಅರ್ಥವಾಗುತ್ತದೆ. ‘ಎರಡಕ್ಕೂ’ ಎಂದು ಈಗಾಗಲೇ ರೈಫಲ್ ಮನೆಗೆ ಬಂದಿದ್ದರೆ ಮೊದಲು ತೋಟಾದ ಪೆಟ್ಟಿಗೆಗಳನ್ನು ತೆರೆದು ನೋಡಬೇಕು. ಕುಳಿಗುಂಡುಗಳಿದ್ದರೆ ಅಂಗಡಿಗೆ ಹಿಂದಿರುಗಿಸಬೇಕು. ಅಂಗಡಿಯವನು ಹಿಂದಕ್ಕೆ ಪಡೆಯದಿದ್ದರೆ ಅವೆಲ್ಲವೂ ರೇಂಜಿನ ಕಾಗದದ ಮೇಲೆಯೇ ಖರ್ಚಾಗಿಹೋಗಲಿ. ಆ ಕೆಲಸಕ್ಕೆ ಅವು ತುಸು ದುಬಾರಿ, ಅಷ್ಟೆ.